ಶಾಲ್ಮಲೆಯ ಜಾಡು ಹಿಡಿದು ಕಡಲಿಗೆ

ಹುಬ್ಬಳ್ಳಿ-ಧಾರವಾಡದವರಿಗೆ ಕಾಡು ನೋಡುವ ಮನಸ್ಸಾದರೆ ಗಾಡಿ ದಾಂಡೇಲಿಯತ್ತ ಹೊರಳುತ್ತದೆ. ದಾಂಡೇಲಿ ಚೆಂದವೇ, ಅನುಮಾನವಿಲ್ಲ. ಆದರೆ ಮಳೆ ಹಿಂದೆ ಸರಿದ ಆಶ್ವೀಜ-ಕಾರ್ತೀಕದಲ್ಲಿ ಎರಡು ದಿನ ಬಿಡುವು ಸಿಕ್ಕರೆ ನಾನು ಹೇಳುವ ದಾರಿ ಬೇರೆ: ಧಾರವಾಡ, ಕಲಘಟಗಿ, ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲಾ. ನಮ್ಮೂರಿನಲ್ಲೇ ಹುಟ್ಟಿದ ನೀರಿನ ಜೊತೆ ಕಡಲವರೆಗೆ ಹೋಗುವ ದಾರಿ ಇದು. ಧಾರವಾಡದ ಸೋಮೇಶ್ವರ ಗುಡಿಯ ಬಳಿ ಶಾಲ್ಮಲೆಯಾಗಿ ಕಣ್ಣುಬಿಡುವ ಹಳ್ಳ ಮುಂದೆ ಬೇಡ್ತಿಯಾಗುತ್ತದೆ, ಮಾಗೋಡಿನಲ್ಲಿ ಧುಮುಕುತ್ತದೆ, ಘಟ್ಟದ ಕೆಳಗೆ ಗಂಗಾವಳಿ ಎನಿಸಿಕೊಂಡು ಅರಬ್ಬಿ ಸಮುದ್ರ ಸೇರುತ್ತದೆ.

ದಸರೆ ಮುಗಿದ ಮೇಲಿಂದ ನವೆಂಬರ್ ಕೊನೆಯವರೆಗೆ ಇದಕ್ಕೆ ಹೇಳಿ ಮಾಡಿಸಿದ ಕಾಲ. ಜುಲೈ-ಆಗಸ್ಟಿನಲ್ಲಿ ಮಾಗೋಡಿಗೆ ಹೋದವರು ಎಷ್ಟೋ ಸಲ ಬರೀ ಮಂಜು ನೋಡಿ, ಅಬ್ಬರ ಕೇಳಿ ಮರಳುತ್ತಾರೆ. ಶಿವರಾತ್ರಿ ಹೊತ್ತಿಗೆ ಧಾರೆ ಸೊರಗಿರುತ್ತದೆ. ನಡುವಿನ ಈ ಒಂದೂವರೆ ತಿಂಗಳಲ್ಲಿ ನೀರೂ ಇರುತ್ತದೆ, ನೋಟವೂ ತೆರೆದಿರುತ್ತದೆ. ವಿದೇಶದ ಚಿತ್ರಗಳಲ್ಲಿ ಕಾಣುವ ಕೆಂಪು ಎಲೆಗಳನ್ನು ಇಲ್ಲಿ ಹುಡುಕಬೇಡಿ. ನಮ್ಮ ಸಾಗವಾನಿ, ಮತ್ತಿ, ಹೊನ್ನೆ ಎಲೆ ಉದುರಿಸುವುದು ಬೇಸಿಗೆಯ ಬಾಗಿಲಲ್ಲಿ. ಶರದೃತುವಿನ ಬಣ್ಣವೇನಿದ್ದರೂ ಗದ್ದೆಗಳಲ್ಲಿ: ಕಾಡಿನ ಕಡುಹಸಿರಿನ ನಡುವೆ ಹೊನ್ನಿಗೆ ತಿರುಗಿದ ಭತ್ತ. ಅಕ್ಟೋಬರಿನಲ್ಲಿ ಮಧ್ಯಾಹ್ನದ ಮೇಲೆ ಗುಡುಗು-ಮಳೆ ಬರಬಹುದು. ಹಾಗಾಗಿ ನೋಡುವ ಕೆಲಸವನ್ನೆಲ್ಲ ಬೆಳಗಿನ ಹೊತ್ತಿಗೆ ಇಟ್ಟುಕೊಳ್ಳಿ.

ಮೊದಲ ದಿನ ಬೆಳಿಗ್ಗೆ 7ರ ಹೊತ್ತಿಗೆ ಸೋಮೇಶ್ವರ ಗುಡಿಯಿಂದ ಹೊರಡಿ. ಇಷ್ಟು ಸಣ್ಣ ತೊರೆಯೇ ಮುಂದೆ ಸುಮಾರು 200 ಮೀಟರ್ ಆಳಕ್ಕೆ ಜಿಗಿಯುವ ನದಿಯ ಭಾಗವಾಗುತ್ತದೆ ಎಂಬುದು ಕಣ್ಣಾರೆ ಕಂಡರೇ ಮನಸ್ಸಿಗೆ ಇಳಿಯುತ್ತದೆ. ಧಾರವಾಡ ನಿಂತಿರುವುದೇ ನೀರು ಇಬ್ಭಾಗವಾಗುವ ದಿಣ್ಣೆಯ ಮೇಲೆ. ಪೂರ್ವಕ್ಕೆ ಬಿದ್ದ ಮಳೆ ಬೆಣ್ಣಿಹಳ್ಳ, ಮಲಪ್ರಭೆ, ಕೃಷ್ಣೆಯ ಮೂಲಕ ಬಂಗಾಳ ಕೊಲ್ಲಿಗೆ ಹೋದರೆ, ಪಶ್ಚಿಮದ್ದು ಶಾಲ್ಮಲೆಯ ಪಾಲು. ಹುಬ್ಬಳ್ಳಿಯಿಂದ ಹೊರಡುವವರು ರಾಷ್ಟ್ರೀಯ ಹೆದ್ದಾರಿ 52 ಹಿಡಿದು ನೇರ ಕಲಘಟಗಿಗೆ ಬರಬಹುದು. ಹುಬ್ಬಳ್ಳಿಯಿಂದ ಯಲ್ಲಾಪುರಕ್ಕೆ 70, ಅಂಕೋಲಾಕ್ಕೆ 140 ಕಿಲೋಮೀಟರ್ ಆಸುಪಾಸು.

ಕಲಘಟಗಿಯಲ್ಲಿ ಬಣ್ಣದ ತೊಟ್ಟಿಲು ಮಾಡುವವರ ಮನೆ ಕೇಳಿಕೊಂಡು ಹೋಗಿ ಅರ್ಧ ತಾಸು ಕಳೆಯಿರಿ. ಅರಗಿನ ಬಣ್ಣ ಹಚ್ಚಿ ಚಿತ್ರ ಬರೆಯುವ ಈ ಕಸುಬನ್ನು ಇನ್ನೂ ಕೆಲವೇ ಮನೆಗಳು ಹಿಡಿದುಕೊಂಡಿವೆ. ಅಲ್ಲಿಂದ ಮುಂದೆ ಕಿಟಕಿಯ ಆಚೆ ಗಮನವಿಡಿ. ಧಾರವಾಡದಲ್ಲಿ ವರ್ಷಕ್ಕೆ 800 ಮಿಲಿಮೀಟರ್ ಆಸುಪಾಸು ಮಳೆ, ಅಂಕೋಲಾದ ಕಡಲ ಬದಿಯಲ್ಲಿ 3000 ದಾಟುತ್ತದೆ. ಈ ವ್ಯತ್ಯಾಸ ರಸ್ತೆಯ ಎರಡೂ ಕಡೆ ಮರಗಳಾಗಿ ನಿಂತಿದೆ. ಹತ್ತಿ, ಗೋವಿನಜೋಳದ ಹೊಲ ಮುಗಿದು ಕುರುಚಲು, ಕಿರವತ್ತಿಯ ಹತ್ತಿರ ಸಾಗವಾನಿ, ಯಲ್ಲಾಪುರದಲ್ಲಿ ಅಡಿಕೆ ತೋಟವನ್ನು ಸುತ್ತಿದ ದಟ್ಟ ಕಾಡು, ಅರಬೈಲಿನಲ್ಲಿ ಬಿಸಿಲು ನೆಲ ಮುಟ್ಟದ ಹಸಿರು. ಒಂದೇ ಬೆಳಗಿನಲ್ಲಿ ಇಷ್ಟು ಕಾಡು ಬದಲಾಗುವ ರಸ್ತೆ ನಮ್ಮ ಜಿಲ್ಲೆಯ ಇನ್ನಾವ ದಿಕ್ಕಿಗೂ ಇಲ್ಲ. ಈ ಸೀಮೆಯಲ್ಲಿ ಸಿದ್ದಿಯರ, ಗೌಳಿಗರ ಹಾಡಿಗಳಿವೆ. ಅವು ಜನ ಬಾಳುವ ಮನೆಗಳು. ಕೇಳದೆ ಯಾರ ಮುಖಕ್ಕೂ ಕ್ಯಾಮೆರಾ ಹಿಡಿಯಬೇಡಿ.

ಯಲ್ಲಾಪುರದಲ್ಲಿ ತಿಂಡಿ. ಮನೆಯಿಂದ ಕಡಕ್ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ತಂದಿದ್ದರೂ ಇಲ್ಲಿ ತೆಳ್ಳವು, ತಂಬುಳಿ ಸಿಕ್ಕಿದರೆ ಬಿಡಬೇಡಿ. ಹವ್ಯಕರ ಅಡುಗೆ ನಮ್ಮ ಖಾರಕ್ಕೆ ಒಗ್ಗಿದ ನಾಲಿಗೆಗೆ ಮೊದಲು ಸಪ್ಪೆ ಎನಿಸಿ, ಎರಡನೇ ತುತ್ತಿಗೆ ರುಚಿ ಹತ್ತುತ್ತದೆ.

ಊರಿನಿಂದ ಸುಮಾರು 20 ಕಿಲೋಮೀಟರ್ ದೂರದ ಮಾಗೋಡು ಈ ಪ್ರವಾಸದ ಹೃದಯ. ದಾರಿಯಲ್ಲಿ ಕವಡಿಕೆರೆ ಸಿಗುತ್ತದೆ, ಹತ್ತು ನಿಮಿಷ ನಿಲ್ಲಿ. ಬೇಡ್ತಿ ಎರಡು ಹಂತದಲ್ಲಿ ಕಮರಿಗೆ ಬೀಳುವುದನ್ನು ನೋಡುವುದು ಎದುರು ಗುಡ್ಡದ ಅಂಚಿನಿಂದ. ನೀರಿಗಿಳಿಯುವ ಜಾಗವಲ್ಲ, ಕಟಕಟೆ ದಾಟುವ ಯೋಚನೆಯೂ ಬೇಡ. ಈ ಧಾರೆ ಉಳಿದದ್ದು ತಾನಾಗಿ ಅಲ್ಲ. 1980ರ ಆಸುಪಾಸಿನಲ್ಲಿ ಬೇಡ್ತಿಗೆ ಅಣೆಕಟ್ಟು ಕಟ್ಟಿ ವಿದ್ಯುತ್ ತೆಗೆಯುವ ಯೋಜನೆ ಬಂದಾಗ ಇಲ್ಲಿಯ ಅಡಿಕೆ ಬೆಳೆಗಾರರು ಲೆಕ್ಕಪತ್ರ ಮುಂದಿಟ್ಟು ವಾದಿಸಿ ಅದನ್ನು ಕೈಬಿಡಿಸಿದರು. ಈಗ ಬೇಡ್ತಿಯ ನೀರನ್ನು ವರದೆಗೆ ತಿರುಗಿಸುವ ಮಾತು ಮತ್ತೆ ಎದ್ದಿದೆ. ಕಟಕಟೆಯ ಬಳಿ ನಿಂತವರಿಗೆ ಇದು ಗೊತ್ತಿರಲೇಬೇಕು ಎಂದು ನನ್ನ ಅನಿಸಿಕೆ.

ಸಂಜೆ ಹತ್ತಿರದ ಜೇನುಕಲ್ಲು ಗುಡ್ಡಕ್ಕೆ ಹೋಗಿ. ಬೇಡ್ತಿಯ ಕಣಿವೆ ಉದ್ದಕ್ಕೂ ಕಾಣುತ್ತದೆ, ಸೂರ್ಯ ಅದರಾಚೆ ಇಳಿಯುತ್ತಾನೆ. ಹುಲ್ಲಿನಲ್ಲಿ ಉಂಬಳ ಇನ್ನೂ ಇರುತ್ತವೆ. ಚೀಟಿಯಲ್ಲಿ ಉಪ್ಪು ಕಟ್ಟಿಕೊಂಡಿದ್ದರೆ ಸಾಕು. ರಾತ್ರಿ ಯಲ್ಲಾಪುರದಲ್ಲಿ ಲಾಡ್ಜ್ ಅಥವಾ ತೋಟದ ನಡುವಿನ ಹೋಮ್‌ಸ್ಟೇ. ದೀಪಾವಳಿ ರಜೆಯಲ್ಲಿ ಮೊದಲೇ ಕಾಯ್ದಿರಿಸದಿದ್ದರೆ ಜಾಗ ಸಿಗುವುದು ಕಷ್ಟ. ಸಾತೊಡ್ಡಿ ಜಲಪಾತವೂ ಇದೇ ತಾಲೂಕಿನದು, ಆದರೆ ಅದರ ನೀರು ಕಾಳಿಯ ಕಡೆಗೆ ಹರಿಯುತ್ತದೆ. ಅದಕ್ಕೆ ಇನ್ನೊಮ್ಮೆ ಬನ್ನಿ.

ಎರಡನೇ ದಿನ ಘಟ್ಟ ಇಳಿಯುವುದು ಚೆನ್ನಾಗಿ ಬೆಳಕು ಹರಿದ ಮೇಲೆ. ಅರಬೈಲಿನ ತಿರುವುಗಳಲ್ಲಿ ಲಾರಿಗಳ ಸಾಲು, ನಸುಕಿಗೆ ಮಂಜು. 2025ರ ಜನವರಿಯಲ್ಲಿ ಸವಣೂರಿನಿಂದ ಕುಮಟಾ ಸಂತೆಗೆ ತರಕಾರಿ ತುಂಬಿ ಹೊರಟ ಲಾರಿ ಇದೇ ತಾಲೂಕಿನ ಹೆದ್ದಾರಿಯಲ್ಲಿ ನಸುಕಿನಲ್ಲೇ ಕಂದಕಕ್ಕೆ ಉರುಳಿ, ದುಡಿಯಲು ಹೊರಟ ಬಡವರು ಪ್ರಾಣ ಕಳೆದುಕೊಂಡರು. ಇಳಿಜಾರಿನಲ್ಲಿ ಗಾಡಿ ಸಣ್ಣ ಗೇರಿನಲ್ಲಿರಲಿ, ತಿರುವಿನಲ್ಲಿ ಯಾರನ್ನೂ ಹಿಂದಿಕ್ಕಬೇಡಿ. ಪೆಟ್ರೋಲ್ ಯಲ್ಲಾಪುರದಲ್ಲೇ ತುಂಬಿಸಿ. ಘಟ್ಟದಲ್ಲಿ ಮೊಬೈಲ್ ಸಿಗ್ನಲ್ ನಂಬುವಂತಿಲ್ಲ. ಸ್ವಂತ ಗಾಡಿ ಇಲ್ಲದವರಿಗೆ ಹುಬ್ಬಳ್ಳಿಯಿಂದ ಅಂಕೋಲಾ, ಕಾರವಾರಕ್ಕೆ ವಾಯವ್ಯ ಸಾರಿಗೆಯ ಬಸ್ಸುಗಳಿವೆ. ಎಡಗಡೆ, ಬಲಗಡೆ ಎಂದು ನೋಡದೆ ಕಿಟಕಿ ಪಕ್ಕ ಕೂತರಾಯಿತು.

ಘಟ್ಟ ಇಳಿದರೆ ಗುಳ್ಳಾಪುರ, ರಾಮನಗುಳಿ, ಸುಂಕಸಾಳ. ಬೇಡ್ತಿ ಇಲ್ಲಿ ಗಂಗಾವಳಿ. ಈಗ ಕಲ್ಲಿನ ಮೇಲೆ ತಿಳಿಯಾಗಿ ಹರಿಯುವ ಇದೇ ನದಿ 2019ರ ಆಗಸ್ಟಿನಲ್ಲಿ ದಂಡೆಯ ಊರುಗಳಿಗೆ ನುಗ್ಗಿತ್ತು. ಅಂಕೋಲಾದಲ್ಲಿ ಮಧ್ಯಾಹ್ನದ ಊಟ: ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ದೋಣಿಗಳು ಕಡಲಿಗಿಳಿದಿರುವ ಕಾಲ, ಖಾನಾವಳಿಯಲ್ಲಿ ಬಂಗಡೆ ತಾಜಾ ಸಿಗುತ್ತದೆ. ಊಟ ಮುಗಿಸಿ ಮಂಜಗುಣಿಗೆ ಹೋದರೆ ನದಿ ಕಡಲು ಕೂಡುವ ಜಾಗ. ಆಚೆ ದಂಡೆಯ ಗಂಗಾವಳಿ ಊರಿನಲ್ಲಿ ಗಂಗೆಯ ಗುಡಿಯಿದೆ. ದೀಪಾವಳಿಯ ಹೊತ್ತಿಗೆ ಗೋಕರ್ಣದ ಮಹಾಬಲೇಶ್ವರನಿಗೆ ಈ ಗಂಗೆಯೊಡನೆ ಮದುವೆ. ಸಾಧ್ಯವಾದರೆ ನರಕ ಚತುರ್ದಶಿಗೆ ಹೊಂದಿಸಿಕೊಂಡು ಹೊರಡಿ. ತವರಿನ ಕಡೆಯವರಾಗಿ ನಾವು ಹೋಗಬೇಕಾದ ಮದುವೆ ಅದು.

ಮರಳುವುದು ಅದೇ ಹೆದ್ದಾರಿಯಲ್ಲಿ, ಮಧ್ಯಾಹ್ನ 3ಕ್ಕೆ ಹೊರಟರೆ ಘಟ್ಟವನ್ನು ಬೆಳಕಿನಲ್ಲೇ ಹತ್ತಿ ಮುಗಿಸಬಹುದು. ಮೂರನೇ ದಿನ ಕೈಯಲ್ಲಿದ್ದರೆ ಕಾರವಾರದಲ್ಲಿ ಉಳಿದು, ಕದ್ರಾ, ಅಣಶಿ, ಜೋಯಿಡಾ, ದಾಂಡೇಲಿ, ಹಳಿಯಾಳದ ಮೇಲೆ ಧಾರವಾಡಕ್ಕೆ ಬನ್ನಿ. ಅದು ಕಾಳಿ ಹುಲಿ ಸಂರಕ್ಷಿತ ಪ್ರದೇಶದ ದಾರಿ. ನಡುವೆ ಇಳಿದು ಅಡ್ಡಾಡುವಂತಿಲ್ಲ. ಮಳೆಗಾಲದಲ್ಲಿ ಅಣಶಿ ಘಟ್ಟದ ಗುಡ್ಡ ಕುಸಿದದ್ದುಂಟು. ರಸ್ತೆ ತೆರೆದಿದೆಯೇ ಎಂದು ಕಾರವಾರದ ಬಸ್ ನಿಲ್ದಾಣದಲ್ಲಿ ಚಾಲಕರನ್ನು ವಿಚಾರಿಸಿಕೊಂಡೇ ಹೊರಡಿ.