ಮೆಣಸಿನ ಜಾಡು ಹಿಡಿದು ಕೊಚ್ಚಿ ನೋಡು

ಪ್ರೀತಿಯ ಪುಟ್ಟಿಗೆ, ಶಿರಸಿಯಿಂದ ದೊಡ್ಡಪ್ಪನ ಆಶೀರ್ವಾದಗಳು.

ಗೆಳತಿಯರ ಜೊತೆ ಕೊಚ್ಚಿಗೆ ಹೊರಟಿದ್ದೀಯಂತೆ, ನಿನ್ನ ಅಪ್ಪ ಹೇಳಿದ. ನೀನು ಅವನಿಗೆ ಕಳಿಸಿದ ಪಟ್ಟಿಯನ್ನೂ ತೋರಿಸಿದ. ಚೀನಾ ಬಲೆ, ಚರ್ಚು, ಕೆಫೆ, ಮತ್ತೊಂದು ಕೆಫೆ. ತಪ್ಪೇನಿಲ್ಲ, ವಯಸ್ಸು ನಿಮ್ಮದು. ಆದರೆ ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿದ ಮನೆಯ ಹುಡುಗಿ ಕೊಚ್ಚಿಗೆ ಹೋಗಿ ಮೆಣಸಿನ ಪೇಟೆ ನೋಡದೆ ಬಂದಳು ಅಂದರೆ ನನಗೆ ಬೇಜಾರು. ಅಲ್ಲಿ ನೀನು ನೋಡುವ ಚರ್ಚು, ಅರಮನೆ, ಸಿನಗಾಗ್ ಎಲ್ಲದರ ಹಿಂದೆಯೂ ಇರುವುದು ಕಾಳುಮೆಣಸಿನ ದುಡ್ಡು. ಗೈಡುಗಳು ರಾಜರ ಹೆಸರು, ನಾವಿಕರ ಹೆಸರು ಹೇಳುತ್ತಾರೆ. ಬಳ್ಳಿಯ ಹೆಸರೆತ್ತುವವರು ಕಡಿಮೆ.

ಮೊದಲು ದೊಡ್ಡ ಬಂದರು ಇದ್ದದ್ದು ಕೊಚ್ಚಿಯಲ್ಲಲ್ಲ. ಕೊಡುಂಗಲ್ಲೂರಿನ ಹತ್ತಿರದ ಮುಜಿರಿಸ್‌ಗೆ ರೋಮಿನ ಕಾಲದಿಂದ ಹಡಗುಗಳು ಬರುತ್ತಿದ್ದವು. 1341ರಲ್ಲಿ ಪೆರಿಯಾರ್‌ಗೆ ಭಾರೀ ನೆರೆ ಬಂದು ಆ ಬಂದರಿನ ಬಾಯಿಯಲ್ಲಿ ಹೂಳು ತುಂಬಿತು, ಕೊಚ್ಚಿಯ ಅಳಿವೆ ತೆರೆಯಿತು ಎನ್ನುತ್ತಾರೆ. ವಾಸ್ಕೋ ಡ ಗಾಮ 1498ರಲ್ಲಿ ಬಂದದ್ದು ಕೋಳಿಕ್ಕೋಡಿಗೆ. ಅಲ್ಲಿಯ ಅರಸ ಸಾಮೂದಿರಿಯ ಜೊತೆ ಪೋರ್ಚುಗೀಸರಿಗೆ ಜಗಳವಾಯಿತು. 1500ರ ಕೊನೆಯಲ್ಲಿ ಅವರ ನಾವಿಕ ಕಬ್ರಾಲ್ ಕೊಚ್ಚಿಗೆ ಬಂದ. ಸಾಮೂದಿರಿಯ ಕಾಟದಿಂದ ಬೇಸತ್ತಿದ್ದ ಕೊಚ್ಚಿಯ ರಾಜ ಹಡಗು ತುಂಬ ಮೆಣಸು ಕೊಟ್ಟ. ಅಲ್ಲಿಂದ ಶುರು. 1663ರಲ್ಲಿ ಡಚ್ಚರು, 1795ರಲ್ಲಿ ಇಂಗ್ಲಿಷರು. ಬಂದವರು ಮೊದಲು ಮಾಡಿದ್ದು ರಾಜನ ಜೊತೆ ಒಪ್ಪಂದ, ಮೆಣಸಿಗೆ ದರ. ದರ ಕಟ್ಟುವಾಗ ಬೆಳೆದವನನ್ನು ಯಾರೂ ಕೇಳಲಿಲ್ಲ. (ಈಗ ಕೇಳುತ್ತಾರೆಯೇ ಎಂದು ನೀನು ಕೇಳಬೇಡ.)

ಇದೇನು ನಮಗೆ ದೂರದ ಕಥೆಯಲ್ಲ. ನಮ್ಮ ಘಟ್ಟದ ಕೆಳಗೆ ಗೇರುಸೊಪ್ಪೆಯಲ್ಲಿ ಹದಿನಾರನೇ ಶತಮಾನದಲ್ಲಿ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದೇ ಕರೆದರು. ಹೊನ್ನಾವರದ ದಾರಿಯಲ್ಲಿ ಹಡಗು ಹತ್ತುತ್ತಿದ್ದದ್ದು ನಮ್ಮ ಸೀಮೆಯ ಕಾಳೇ. ಇವತ್ತು ದೇಶದಲ್ಲಿ ಅತಿ ಹೆಚ್ಚು ಕಾಳುಮೆಣಸು ಬೆಳೆಯುವುದು ಕೇರಳವಲ್ಲ, ಕರ್ನಾಟಕ. ಕೊಚ್ಚಿಯವರ ಎದುರು ಹೇಳಬೇಡ, ಮನಸ್ಸಿನಲ್ಲಿಟ್ಟುಕೋ.

ಫೋರ್ಟ್ ಕೊಚ್ಚಿಯ ಸೇಂಟ್ ಫ್ರಾನ್ಸಿಸ್ ಚರ್ಚಿನಲ್ಲಿ ಗಾಮನ ಸಮಾಧಿ ತೋರಿಸುತ್ತಾರೆ. ಅವನು 1524ರ ಕ್ರಿಸ್‌ಮಸ್ ಮುನ್ನಾದಿನ ಕೊಚ್ಚಿಯಲ್ಲಿ ಸತ್ತ. ಮೂಳೆಗಳನ್ನು ಆಮೇಲೆ ಪೋರ್ಚುಗಲ್ಲಿಗೆ ಒಯ್ದರು, ಚರ್ಚಿನಲ್ಲಿ ಉಳಿದಿರುವುದು ಬರೀ ಕಲ್ಲು. ಅದಕ್ಕಿಂತ ಆ ಚರ್ಚಿನ ಗತಿ ಸ್ವಾರಸ್ಯದ್ದು: ಪೋರ್ಚುಗೀಸರ ಕೈಯಲ್ಲಿ ಕ್ಯಾಥೋಲಿಕ್, ಡಚ್ಚರ ಕೈಯಲ್ಲಿ ಪ್ರಾಟೆಸ್ಟೆಂಟ್, ಇಂಗ್ಲಿಷರ ಕೈಯಲ್ಲಿ ಆಂಗ್ಲಿಕನ್, ಈಗ ಚರ್ಚ್ ಆಫ್ ಸೌತ್ ಇಂಡಿಯಾ. ಚೀನಾ ಬಲೆಯ ಹತ್ತಿರ ಕಲ್ಲು ಕಟ್ಟಿದ ಹಗ್ಗವನ್ನು ನಾಲ್ಕಾರು ಜನ ಎಳೆಯುವುದನ್ನು ನೋಡು, ಫೋಟೋ ತೆಗೆ, ಮುಂದೆ ನಡೆ.

ನಡೆಯಬೇಕಾದದ್ದು ಮಟ್ಟಾಂಚೇರಿಯಲ್ಲಿ. ಬಜಾರ್ ರಸ್ತೆಯ ಉದ್ದಕ್ಕೂ ಹಿನ್ನೀರಿಗೆ ಬೆನ್ನು ಮಾಡಿ ನಿಂತ ಹಳೆಯ ಗೋದಾಮುಗಳಿವೆ. ದೋಣಿಯಿಂದ ನೇರ ಮಾಲು ಇಳಿಸಲು ಹಿಂದೆ ಬಾಗಿಲು, ವ್ಯಾಪಾರಕ್ಕೆ ಮುಂದೆ ಬಾಗಿಲು. ಕೆಲವು ಹೋಟೆಲಾಗಿವೆ, ಕೆಲವು ಚಿತ್ರಶಾಲೆಯಾಗಿವೆ. 2012ರಿಂದ ನಡೆಯುವ ಕಲಾ ಬಿಯೆನಾಲೆಗೆ ಇಂಥ ಜಾಗಗಳೇ ಆಧಾರ. ಆದರೂ ಒಣಶುಂಠಿ, ಮೆಣಸಿನ ಚೀಲ ಇನ್ನೂ ಕಾಣುತ್ತವೆ, ಕಣ್ಣಿಗಿಂತ ಮೊದಲು ಮೂಗಿಗೆ. ಜ್ಯೂ ಟೌನಿನಲ್ಲಿ 1957ರಲ್ಲಿ ಶುರುವಾದ ಮೆಣಸಿನ ವಿನಿಮಯ ಕೇಂದ್ರವಿದೆ. ವ್ಯಾಪಾರಿಗಳು ಒಂದೇ ಹಾಲಿನಲ್ಲಿ ನಿಂತು ಗಂಟಲು ಹರಿಯುವಂತೆ ಕೂಗಿ ದರ ಹೇಳುತ್ತಿದ್ದ ಜಾಗ. ಕಂಪ್ಯೂಟರು ಬಂದ ಮೇಲೆ ಆ ಕೂಗು ನಿಂತಿತು. ನನ್ನ ಪ್ರಾಯದಲ್ಲಿ ನಾವು ಬೆಳಿಗ್ಗೆ ಪೇಪರ್ ತೆಗೆದರೆ ಮೊದಲು ಹುಡುಕುತ್ತಿದ್ದದ್ದು ಕೊಚ್ಚಿ ಧಾರಣೆ.

ಅಲ್ಲೇ ಯಹೂದಿಗಳ ಪರದೇಶಿ ಸಿನಗಾಗ್, 1568ರದ್ದು. ನೆಲಕ್ಕೆ ಹಾಸಿದ ನೀಲಿ-ಬಿಳಿ ಚೀನೀ ಹಂಚುಗಳನ್ನೂ ಗಡಿಯಾರದ ಗೋಪುರವನ್ನೂ ಹದಿನೆಂಟನೇ ಶತಮಾನದಲ್ಲಿ ಮಾಡಿಸಿದವನು ಎಜೆಕಿಯೆಲ್ ರಹಾಬಿ. ಅವನು ಡಚ್ ಕಂಪನಿಗೆ ಮೆಣಸು ಹೊಂದಿಸುತ್ತಿದ್ದ ದೊಡ್ಡ ಯಹೂದಿ ವರ್ತಕ. ಗಡಿಯಾರದ ಮುಖಗಳಲ್ಲಿ ಹೀಬ್ರೂ, ರೋಮನ್, ಮಲಯಾಳಂ ಅಂಕಿಗಳಿವೆ. ಇಸ್ರೇಲ್ ಆದ ಮೇಲೆ ಯಹೂದಿಗಳು ಒಬ್ಬೊಬ್ಬರಾಗಿ ಹೊರಟುಹೋದರು. ಪಕ್ಕದ ಅರಮನೆಯನ್ನು ಪೋರ್ಚುಗೀಸರು ಸುಮಾರು 1555ರಲ್ಲಿ ರಾಜನಿಗೆ ಕಟ್ಟಿಕೊಟ್ಟರು, ಡಚ್ಚರು ರಿಪೇರಿ ಮಾಡಿಸಿದರು, ಹೆಸರು ಡಚ್ ಅರಮನೆ ಎಂದೇ ಉಳಿಯಿತು. ಒಳಗೆ ರಾಮಾಯಣದ ಭಿತ್ತಿಚಿತ್ರಗಳಿವೆ. ಅವಸರ ಮಾಡಬೇಡ.

ಇನ್ನೊಂದು ಕಡೆ ಹೋಗಲೇಬೇಕು: ಚೇರಳಾಯಿ. ಗೋವಾದಲ್ಲಿ ಪೋರ್ಚುಗೀಸರ ಕಾಟ ತಾಳದೆ ಓಡಿಬಂದ ಕೊಂಕಣಿಗರು ಕಟ್ಟಿಕೊಂಡ ಕೇರಿ. ಅಲ್ಲಿಯ ತಿರುಮಲ ದೇವಸ್ಥಾನದ ಸುತ್ತ ನಿಂತರೆ ನಮ್ಮ ಕುಮಟೆ ಪೇಟೆಯಲ್ಲಿ ಕೇಳುವ ಭಾಷೆಯೇ ಕಿವಿಗೆ ಬೀಳುತ್ತದೆ. ಈ ಕೊಂಕಣಿಗರ ನೆರವನ್ನೂ ಪಡೆದು ಡಚ್ ಗವರ್ನರ್ ವಾನ್ ರೀಡ್ ಮಲಬಾರಿನ ಗಿಡಮೂಲಿಕೆಗಳ ಮೇಲೆ ‘ಹೋರ್ಟಸ್ ಮಲಬಾರಿಕಸ್’ ಎಂಬ ಹನ್ನೆರಡು ಸಂಪುಟ ಮಾಡಿಸಿದ. 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾಯಿತು. ಗಿಡದ ಗುಣ ಹೇಳಿಕೊಟ್ಟವರು ಈಳವ ವೈದ್ಯ ಇಟ್ಟಿ ಅಚ್ಯುತನ್, ಜೊತೆಗೆ ಕೊಂಕಣಿ ವೈದ್ಯರಾದ ರಂಗ ಭಟ್, ಅಪ್ಪು ಭಟ್, ವಿನಾಯಕ ಪಂಡಿತ. ಆ ಕೊಂಕಣಿ ವೈದ್ಯರು ನಾಗರಿ ಲಿಪಿಯಲ್ಲಿ ಬರೆದ ಪ್ರಮಾಣಪತ್ರ ಪುಸ್ತಕದಲ್ಲೇ ಅಚ್ಚಾಗಿದೆ. ಗಾಮನ ಕಲ್ಲಿನ ಮುಂದೆ ನಿಲ್ಲುವಷ್ಟು ಹೊತ್ತನ್ನು ಇವರ ಕೇರಿಗೂ ಕೊಡು.

ಎರ್ನಾಕುಲಂನಿಂದ ದೋಣಿಯಲ್ಲೇ ದಾಟು. 2023ರಿಂದ ಬ್ಯಾಟರಿಯಲ್ಲಿ ಓಡುವ ವಾಟರ್ ಮೆಟ್ರೋ ಇದೆ, ಹಳೆಯ ಸರ್ಕಾರಿ ದೋಣಿಯೂ ಇದೆ. ದಾರಿಯಲ್ಲಿ ಕಾಣುವ ವಿಲ್ಲಿಂಗ್ಡನ್ ದ್ವೀಪ ದೇವರು ಮಾಡಿದ್ದಲ್ಲ. 1920ರ ದಶಕದಲ್ಲಿ ಬ್ರಿಸ್ಟೋ ಎಂಬ ಎಂಜಿನಿಯರ್ ಹಡಗುದಾರಿಗಾಗಿ ಹೂಳೆತ್ತಿಸಿ ಆ ಮಣ್ಣಿನಲ್ಲೇ ಬೆಳೆಸಿದ್ದು.

ಅರಮನೆಗೆ ಶುಕ್ರವಾರ ರಜೆ, ಸಿನಗಾಗ್‌ಗೆ ಶನಿವಾರ, ಸಗಟು ಅಂಗಡಿಗಳಿಗೆ ಭಾನುವಾರ. ಹಾಗಾಗಿ ಶನಿವಾರ ಬಜಾರ್ ರಸ್ತೆ, ಅರಮನೆ. ಭಾನುವಾರ ಸಿನಗಾಗ್, ಚೇರಳಾಯಿ. ಕೆಫೆಗೆ ಸಂಜೆ ಹೋಗಿ. ಫೋಟೋ ಆಮೇಲೆ ಕಳಿಸಿದರೂ ಸರಿ, ಶನಿವಾರ ಮಾತ್ರ ಅಂಗಡಿಯಲ್ಲಿ ಮೆಣಸಿನ ದರ ಕೇಳಿ ಆಗಲೇ ಫೋನ್ ಮಾಡು. ಈ ವರ್ಷದ ಚೀಲ ನಾನಿನ್ನೂ ಮಾರಿಲ್ಲ.

ಇತಿ,
ನಿನ್ನ ದೊಡ್ಡಪ್ಪ