ಅಪಘಾತ ತಪ್ಪಿಸುವ ಕೆಲಸ ಟ್ರಿಪ್ ಶೀಟಿನಿಂದಲೇ ಶುರು

ಯಲಹಂಕದಲ್ಲಿ ಶೆಡ್ಡು ಇಟ್ಟುಕೊಂಡು ಏರ್‌ಪೋರ್ಟ್ ಟ್ಯಾಕ್ಸಿ, ಕಂಪನಿ ಸಿಬ್ಬಂದಿಯ ಕ್ಯಾಬ್, ಟೆಂಪೊ ಟ್ರಾವೆಲರ್ ಓಡಿಸುವ ಕಸುಬು ನನ್ನದು. ಗಾಡಿ ಎಲ್ಲೋ ತಗಲಿತು ಅಂದ ಕೂಡಲೇ ಎಲ್ಲರೂ ಬೆರಳು ತೋರಿಸುವುದು ಡ್ರೈವರ್ ಕಡೆಗೆ. ಅವನ ಹಿಂದಿನ ಎರಡು ದಿನದ ಡ್ಯೂಟಿ ಪಟ್ಟಿ ತೆಗೆದು ನೋಡಿ, ಅರ್ಧ ಕಾರಣ ಅಲ್ಲೇ ಸಿಗುತ್ತದೆ. ಈ ಕಸುಬು ಕಲಿಸಿದ ಆರು ಪಾಠಗಳು ಇಲ್ಲಿವೆ.

1. ಹೆಬ್ಬಾಳದ ಜಾಮನ್ನು ಆಫೀಸು ಲೆಕ್ಕ ಹಾಕಬೇಕು

ಆರ್.ಟಿ. ನಗರದಿಂದ ಬೆಳಗಿನ ಜಾವ ಏರ್‌ಪೋರ್ಟಿಗೆ ಹೋಗುವುದೇ ಬೇರೆ, ಸಂಜೆ ಆರಕ್ಕೆ ಹೆಬ್ಬಾಳ ದಾಟುವುದೇ ಬೇರೆ. ಎರಡಕ್ಕೂ ಒಂದೇ ಟೈಮು ಬರೆದುಕೊಟ್ಟರೆ, ಜಾಮಿನಲ್ಲಿ ಹೋದ ಹೊತ್ತನ್ನು ಡ್ರೈವರ್ ಎಲಿವೇಟೆಡ್ ರಸ್ತೆ ಹತ್ತಿದ ಮೇಲೆ ಆಕ್ಸಿಲರೇಟರ್ ಒತ್ತಿ ವಸೂಲಿ ಮಾಡುತ್ತಾನೆ. ಗಿರಾಕಿ ಗೊಣಗಿದರೆ ಫೋನು ಆಫೀಸಿಗೆ ಬರಲಿ, ಓಡುವ ಗಾಡಿಗೆ ಬೇಡ. ಗೋಡೆಗೆ ‘ಮೊಬೈಲ್ ಮುಟ್ಟಬೇಡಿ’ ಅಂತ ಬೋರ್ಡು ಹಾಕಿ, ನಾವೇ ಐದು ನಿಮಿಷಕ್ಕೊಮ್ಮೆ “ಎಲ್ಲಿದೀಯಪ್ಪಾ?” ಅಂತ ಕೇಳುವುದು ನಗೆಪಾಟಲು. ಜಿಪಿಎಸ್ ಹಾಕಿಸಿರುವುದು ಮತ್ತೆ ಯಾಕೆ?

2. ನಿದ್ದೆಗೆ ಬದಲಾಗಿ ಬತ್ತಾ ಕೊಡಲಾಗದು

ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ, ಐದು ಗಂಟೆ ಕೆಲಸವಾದರೆ ಅರ್ಧ ಗಂಟೆ ವಿರಾಮ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲೇ ಈ ಲೆಕ್ಕ ಇತ್ತು. ಆದರೆ ಟ್ರಿಪ್ಪಿಗಿಷ್ಟು ಅಂತ ದುಡ್ಡು ಕೊಡುವ ಕಡೆ ಡ್ರೈವರೇ ಬಂದು “ಇನ್ನೊಂದು ಡ್ಯೂಟಿ ಹಾಕಿ ಸಾರ್, ಕಂತು ಕಟ್ಟಬೇಕು” ಅನ್ನುತ್ತಾನೆ. ಇಲ್ಲ ಅನ್ನಬೇಕಾದವರು ನಾವು. ಸಂಬಳದ ಪಾಲು ಹೆಚ್ಚಿಸಿ ಬತ್ತಾದ ಪಾಲು ತಗ್ಗಿಸಿದರೆ, ನಾವು ಇಲ್ಲ ಅಂದ ಮಾತ್ರಕ್ಕೆ ಅವನ ಮನೆ ಖರ್ಚು ನಿಲ್ಲುವುದಿಲ್ಲ. ರಾತ್ರಿ ಡ್ರಾಪ್ ಮಾಡಿದವನಿಗೆ ಮುಂಜಾನೆಯ ಪಿಕಪ್ ಕೊಡಲೇಬೇಡಿ. ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಕಡೆಯ ಹುಡುಗರು ನಡುರಾತ್ರಿ ಊರಿಗೆ ಹೋಗಲಾರದೆ ಸೀಟು ಬಾಗಿಸಿಕೊಂಡು ಗಾಡಿಯಲ್ಲೇ ಮಲಗುತ್ತಾರೆ. ಶೆಡ್ಡಿನಲ್ಲಿ ಮಂಚ, ಫ್ಯಾನು, ಸೊಳ್ಳೆಪರದೆ ಇರಲಿ. ಸುರಕ್ಷತೆಗೆ ಇದಕ್ಕಿಂತ ಅಗ್ಗದ ಖರ್ಚು ನಾನು ಕಂಡಿಲ್ಲ.

3. ‘ಸ್ವಲ್ಪದರಲ್ಲಿ ತಪ್ಪಿತು’ ಅನ್ನುವುದು ಪುಸ್ತಕಕ್ಕೆ ಬರಲಿ

ಈ ಮಾತು ಟೀ ಅಂಗಡಿಯಲ್ಲಿ ದಿನಾ ಕೇಳುತ್ತದೆ, ಮಾಲೀಕನ ಮುಂದೆ ಮಾತ್ರ ಯಾರೂ ಆಡುವುದಿಲ್ಲ. ದಂಡದ ಭಯ. ಶೆಡ್ಡಿನ ಬಾಗಿಲಲ್ಲಿ ಒಂದು ನೋಟ್‌ಬುಕ್ ತೂಗುಹಾಕಿ. ಹೆಸರು ಬೇಡ, ಜಾಗ, ಹೊತ್ತು, ಏನಾಯಿತು, ಇಷ್ಟು ಸಾಕು. “ಯಶವಂತಪುರ ಎಪಿಎಂಸಿ ಗೇಟು, ಬೆಳಿಗ್ಗೆ. ಈರುಳ್ಳಿ ಲಾರಿ ರಿವರ್ಸ್ ಬಂತು, ಹಿಂದೆ ಕ್ಲೀನರ್ ಇರಲಿಲ್ಲ.” ಒಂದೇ ಜಾಗ ಮತ್ತೆ ಮತ್ತೆ ಬಂದರೆ ದಾರಿಯನ್ನೋ ಹೊತ್ತನ್ನೋ ಬದಲಿಸಿ, ಬದಲಿಸಿದ್ದನ್ನು ಅದೇ ಪುಟದಲ್ಲಿ ಬರೆಯಿರಿ. ಬರೆದದ್ದಕ್ಕೆ ಫಲ ಕಂಡರೆ ಮಾತ್ರ ಮುಂದಿನವನು ಪೆನ್ನು ಹಿಡಿಯುತ್ತಾನೆ.

4. ಬಹುಮಾನ ಕೊಡುವಾಗಲೂ ಹುಷಾರು

ಕೆಎಸ್‌ಆರ್‌ಟಿಸಿಯಲ್ಲಿ ಅಪಘಾತವಿಲ್ಲದೆ 5 ವರ್ಷ ಓಡಿಸಿದವರಿಗೆ ಬೆಳ್ಳಿ ಪದಕ, 15 ವರ್ಷ ಓಡಿಸಿದವರಿಗೆ ಮುಖ್ಯಮಂತ್ರಿಗಳ ಚಿನ್ನದ ಪದಕ. ವರ್ಷಗಟ್ಟಲೆಯ ನಡತೆಗೆ ಸಲ್ಲುವ ಮರ್ಯಾದೆ ಅದು. ಅದನ್ನೇ ನೋಡಿ ‘ಈ ತಿಂಗಳು ಗೀಚು ಬೀಳದವನಿಗೆ ಇಷ್ಟು’ ಅಂತ ದುಡ್ಡು ಕಟ್ಟಿದರೆ, ಗೀಚು ಬೀಳುವುದು ನಿಲ್ಲುವುದಿಲ್ಲ. ಡ್ರೈವರ್ ಯಾವುದೋ ಗ್ಯಾರೇಜಿನಲ್ಲಿ ಕೈಯಿಂದ ದುಡ್ಡು ಹಾಕಿ ಟಿಂಕರಿಂಗ್ ಮಾಡಿಸಿ ಮುಚ್ಚಿಡುತ್ತಾನೆ. ದುಡ್ಡು ಕೊಡುವುದಾದರೆ ಮುಚ್ಚಿಡದೆ ಹೇಳಿದವನಿಗೆ ಕೊಡಿ.

5. ಆಯುಧಪೂಜೆ ವರ್ಷಕ್ಕೊಮ್ಮೆ, ಟೈರು ದಿನಾ

ಪೂಜೆಯ ದಿನ ಗಾಡಿಯ ಮೂಲೆಮೂಲೆ ತೊಳೆಯುವ ಕೈಗಳೇ ಮಾರನೆಯ ದಿನ ಸ್ಟೆಪ್ನಿಯ ಗಾಳಿ ನೋಡುವುದಿಲ್ಲ. ಟೈರಿನ ಗೆರೆಯ ಆಳ 1.6 ಮಿ.ಮೀ.ಗಿಂತ ಕಮ್ಮಿ ಇರಬಾರದು ಅನ್ನುತ್ತದೆ ನಿಯಮ. ಅಲ್ಲಿಯವರೆಗೆ ಕಾಯದೆ, ಮಳೆಗಾಲಕ್ಕೆ ಮೊದಲೇ ಬದಲಿಸಿ. ಎಫ್‌ಸಿ ಆಗಿದೆ ಅಂದರೆ ಅಂದು ಗಾಡಿ ಸರಿಯಿತ್ತು ಅಂತ ಅಷ್ಟೇ. ಇಂದು “ಬ್ರೇಕ್ ಹಿಡೀತಿಲ್ಲ ಸಾರ್, ತಗೊಂಡು ಹೋಗಲ್ಲ” ಅಂದವನ ಆ ದಿನದ ಕೂಲಿ ಕತ್ತರಿಸಬಾರದು. ಒಬ್ಬನಿಗೆ ಕತ್ತರಿಸಿದರೆ ಉಳಿದವರು ಬಾಯಿ ಬಿಡುವುದಿಲ್ಲ.

6. ಕೊನೆಯ ಮಾತು ಕಾಂಟ್ರಾಕ್ಟಿನದು

ಚಳಿಗಾಲದ ಮುಂಜಾನೆ ದೇವನಹಳ್ಳಿ ಕಡೆ ಮಂಜು ಕವಿದಾಗ ಸ್ಪೀಡ್ ಗವರ್ನರಿನ 80 ಕೂಡ ಅತಿಯೇ. ಆದರೂ ಡ್ರೈವರ್ ನಿಧಾನಿಸುವುದಿಲ್ಲ. ತಡವಾದರೆ ಕಂಪನಿ ನಮ್ಮ ಬಿಲ್ಲಿನಲ್ಲಿ ದಂಡ ಹಿಡಿಯುತ್ತದೆ, ನಾವು ಅದನ್ನು ಅವನ ಸಂಬಳದಲ್ಲಿ ಹಿಡಿಯುತ್ತೇವೆ. ಸಹಿ ಹಾಕುವ ಮೊದಲೇ ಮಂಜು, ಮಳೆ, ರಸ್ತೆ ಬಂದ್ ಆದ ದಿನ ದಂಡವಿಲ್ಲ ಅಂತ ಬರೆಸಿಕೊಳ್ಳಿ. ಒಪ್ಪದಿದ್ದರೆ ಆ ದಂಡ ಮಾಲೀಕನ ಲೆಕ್ಕಕ್ಕೆ ಹೋಗಲಿ. ಎರಡೂ ಕಟ್ಟುವುದಿಲ್ಲ ಅನ್ನಿಸಿದರೆ ಕಾಂಟ್ರಾಕ್ಟೇ ಬಿಡಿ. ಆ ರೇಟಿಗೆ ಓಡಿದ ಗಾಡಿ ಉಳಿಸಿಕೊಟ್ಟ ಲಾಭ ಒಂದು ಅಪಘಾತದ ಆಸ್ಪತ್ರೆ ಖರ್ಚಿಗೂ ಸಾಲದು.