ಬದುವಿನ ಹುಲ್ಲಿಗೆ ಬೆಂಕಿ ಬೇಡ

ಪ್ರಶ್ನೆ: ಗುಬ್ಬಿ ಹತ್ತಿರ ನಮ್ಮ ತೆಂಗಿನ ತೋಟವಿದೆ. ಮಳೆಗೆ ಮುಂಚೆ ಬದುವಿನ ಒಣಹುಲ್ಲು ಸುಡಬಹುದೇ?

ಉತ್ತರ: ದಯವಿಟ್ಟು ಸುಡಬೇಡಿ. ಏಪ್ರಿಲ್ ಹೊತ್ತಿಗೆ ತುಮಕೂರು, ಗುಬ್ಬಿ, ಕುಣಿಗಲ್ ಬಯಲಿನ ಹುಲ್ಲೆಲ್ಲ ಒಣಗಿರುತ್ತದೆ. ಮಧ್ಯಾಹ್ನದ ಗಾಳಿಗೆ ಒಂದು ಕಿಡಿ ಹಾರಿದರೂ ಪಕ್ಕದವರ ತೋಟ, ರಾಗಿ ಹುಲ್ಲಿನ ಮೆದೆ ಉಳಿಯುವುದು ಕಷ್ಟ. ದೇವರಾಯನದುರ್ಗದ ಕಾಡಂಚಿನಲ್ಲಂತೂ ಅಪಾಯ ಇನ್ನೂ ಹೆಚ್ಚು.

ಹುಲ್ಲನ್ನು ಕೊಯ್ದು ತೆಂಗಿನ ಪಾತಿಗೆ ಹೊದಿಸಿ, ನೀರು ಕೊಡಿ. ತೇವ ಉಳಿಯುತ್ತದೆ, ಕೊಳೆತರೆ ಗೊಬ್ಬರ. ಬೇಲಿಯುದ್ದಕ್ಕೂ ಹತ್ತು ಅಡಿ ಅಗಲ ಉತ್ತು ಬರೀ ಮಣ್ಣು ಬಿಡಿ. ವಿದ್ಯುತ್ ತಂತಿಯ ಕೆಳಗೆ ಮೆದೆ ಒಟ್ಟಬೇಡಿ. ತಂತಿ ಜೋತುಬಿದ್ದಿದ್ದರೆ ಬೆಸ್ಕಾಂನ 1912ಕ್ಕೆ ತಿಳಿಸಿ. ಬೆಂಕಿ ಕಂಡರೆ ಮೊದಲು 112ಕ್ಕೆ ಕರೆ ಮಾಡಿ; ಗಾಳಿಗೆ ಎದುರಾಗಿ ಒಬ್ಬರೇ ನುಗ್ಗಬೇಡಿ.